ಅಂಬಲಿ ಸಾಲು

ವೀಳ್ಯದೆಲೆಯ ತುದಿಯನ್ನು ಹಾಲಿನ ಲೋಟಕ್ಕೆ ಅದ್ದಿ ಗಂಗುಲಪ್ಪ ಇನ್ನೇನು ಬಗ್ಗಬೇಕು, ಅಷ್ಟರಲ್ಲಿ ತಮ್ಮ ಶ್ರೀರಾಮಪ್ಪ ಅವನ ಮಣಿಕಟ್ಟು ಹಿಡಿದುಕೊಂಡ. ಎಲೆಯಿಂದ ಒಂದು ಹನಿ ಹಾಲು ಚಾಪೆಯ ಮೇಲೆ ಬಿತ್ತು.

"ಬ್ಯಾಡ ಅಣ್ಣ. ಅವಳ ಬಾಯಿಗೆ ಹಾಲು ಬಿಡಬ್ಯಾಡ."

ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಶ್ರೀರಾಮಪ್ಪನ ಹೆಂಡತಿ ಮುನಿಯಲ್ಲಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೆನ್ನೆ ತುಂಬ ಅರಿಶಿನ, ಹಣೆಯಲ್ಲಿ ಕಾಸಿನಗಲ ಕುಂಕುಮ, ಕೊರಳಲ್ಲಿ ಚೆಂಡುಹೂವಿನ ಹಾರ. ಗಂಡನಿಗಿಂತ ಮುಂಚೆ ಮುತ್ತೈದೆಯಾಗಿ ಹೊರಟವಳು ಎಂದು ಹೆಂಗಸರು ಬೆಳಗಿನಿಂದ ಅವಳ ಪುಣ್ಯವನ್ನು ಹೊಗಳುತ್ತಿದ್ದರು. ನಿನ್ನೆ ಸಂಜೆ ಎರಡು ಹಸು ಕರೆದು, ಕ್ಯಾನು ಡೈರಿಗೆ ಕಳಿಸಿ, ಎದೆ ಒಂಥರಾ ಆಗ್ತಿದೆ ಅಂತ ಜಗಲಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಅರವತ್ತನಾಲ್ಕು ವರ್ಷ.

ಗಂಗುಲಪ್ಪ ಕೈ ಬಿಡಿಸಿಕೊಂಡ. ಎಪ್ಪತ್ತೈದು ದಾಟಿದವನು, ವಂಶಕ್ಕೆ ಹಿರಿಯ. ಈ ಮನೆಯಲ್ಲಿ ಮದುವೆಯಾಗಲಿ ಮಣ್ಣಾಗಲಿ, ಮೊದಲ ಕೈ ಅವನದು. ಮಣ್ಣಿಗೆ ಹೋಗುವ ಮುಂಚೆ ಬಾಯಿಗೆ ಹಾಲು ಬಿಡುವುದು ಈ ಕಡೆ ಎಲ್ಲರ ಮನೆಯಲ್ಲೂ ಇರುವ ಪದ್ಧತಿ. ಅದೂ ಇದು ವಕ್ಕಲೇರಿ ಸುತ್ತಮುತ್ತ ಹಾಲಿನ ಮನೆ ಅಂತಲೇ ಹೆಸರಾದ ಮನೆ.

"ದುಃಖದಲ್ಲಿದ್ದೀಯ, ಸುಮ್ನೆ ಕೂತ್ಕೋ," ಅಂದ ಗಂಗುಲಪ್ಪ. "ನಮ್ಮ ಮನೆ ಸೊಸೆ ಹಾಲಿಲ್ಲದೆ ಹೋದ್ಲು ಅಂದ್ರೆ ಊರು ಏನಂದಾತು?"

"ಅವಳಿಗೆ ಹಾಲು ಆಗಲ್ಲ. ನಿಂಗೂ ಗೊತ್ತು."

"ಲೇ ಶ್ರೀರಾಮ, ಸತ್ತೋರಿಗೆ ಯಾವ ಹೊಟ್ಟೆ ಕಣೋ?"

ಶ್ರೀರಾಮಪ್ಪ ಮಾತಿನವನೇ ಅಲ್ಲ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟು ದನ ಹಿಡಿದವನು, ಜೀವಮಾನವೆಲ್ಲ ಹಸುಗಳ ಜೊತೆ ಮಾತಾಡಿದಷ್ಟು ಮನುಷ್ಯರ ಜೊತೆ ಆಡಿರಲಿಲ್ಲ. ಆದರೆ ಹೋದ ವರ್ಷ ಹೋಳೂರಿನಲ್ಲಿ ಒಂದು ಸಾವಿಗೆ ಹೋಗಿ ಬರುವಾಗ ಬಸ್ಸಿನಲ್ಲಿ ಅವಳು ಅಂದಿದ್ದ ಮಾತು ನೆನಪಿತ್ತು. ಅದನ್ನೇ ಹೇಳಿದ.

"ನಾನು ಸತ್ತಾಗ ಹಾಲು ಬಿಡಬ್ಯಾಡ್ರಿ ಅಂದಿದ್ಲು. ಗುರುತಿಲ್ಲದ ಊರಿಗೆ ಹೋಗಿ ಇಳಿದ ತಕ್ಷಣ ಚೊಂಬು ಎಲ್ಲಿ ಅಂತ ಹುಡುಕ್ಲಿ ಅಂದ್ಲು."

ಹೆಂಗಸರ ಗುಂಪಿನಲ್ಲಿ ಯಾರೋ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳು ಅಂತ ನೋಡಿದರೆ ನಗು. ಒಬ್ಬಳಿಂದ ಇನ್ನೊಬ್ಬಳಿಗೆ ಹತ್ತಿ, ಅತ್ತು ಕೆಂಪಾದ ಕಣ್ಣುಗಳಲ್ಲೇ ಅವರು ನಕ್ಕರು. ಮಗಳು ಗಂಗಾಲಕ್ಷ್ಮಿಯೂ ನಕ್ಕಳು, ನಗುತ್ತಲೇ ಜೋರಾಗಿ ಅತ್ತಳು.

ಗಂಗುಲಪ್ಪ ನಗಲಿಲ್ಲ. ಲೋಟವನ್ನು ಹೆಣದ ಪಕ್ಕ ನೆಲದ ಮೇಲಿಟ್ಟ.

"ನೋಡು, ನೀನು ಯಜಮಾನ, ನಿನ್ನಿಷ್ಟ. ಹಾಲು ಬಿಡದ ಹೆಣಕ್ಕೆ ನಾನು ಹೆಗಲು ಕೊಡಲ್ಲ." ಹಾಗಂದು ಹೊಂಗೆ ಮರದ ಕೆಳಗೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗೆ ಹೋಗಿ ಕೂತ. ಅವನ ಹಿಂದೆ ನಾಲ್ಕೈದು ಜನ ದಾಯಾದಿಗಳೂ ಎದ್ದು ಹೋದರು. ಅಣ್ಣ ಎದ್ದರೆ ಅವರೂ ಎದ್ದಂತೆ. ಅವರಿಲ್ಲದೆ ಚಟ್ಟ ಹೊರುವವರು ಯಾರು ಅಂತ ಶ್ರೀರಾಮಪ್ಪ ಅಂಗಳದಲ್ಲಿ ಕಣ್ಣಾಡಿಸಿದ. ಬಿಸಿಲು ಏರುತ್ತಿತ್ತು.

ಪಕ್ಕದ ಮನೆಯ ದಿಲ್ಷಾದ್ ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ತಂದು ಮರದ ಕೆಳಗಿನವರಿಗೆ ಕೊಡುತ್ತಿದ್ದಳು. ಇಪ್ಪತ್ತು ವರ್ಷ ಮುನಿಯಲ್ಲಮ್ಮನ ಜೊತೆ ಸ್ಕೂಲಿನ ಬಿಸಿಯೂಟದ ಒಲೆ ಊದಿದವಳು ಅವಳು. ಗಂಗುಲಪ್ಪ ಲೋಟ ಮುಟ್ಟಲಿಲ್ಲ.

"ಹಾಲಿನ ಕಾಫಿ ನಾನು ಕುಡಿಯಲ್ಲ. ನಂಗೆ ಹರಕೆ. ವೆಂಕಟರಮಣಂಗೆ ಬಿಟ್ಟಿದ್ದೀನಿ, ಐವತ್ತು ವರ್ಷ ಆಯ್ತು."

"ಗೊತ್ತು ಅಣ್ಣ," ಅಂತ ದಿಲ್ಷಾದ್ ಇನ್ನೊಂದು ಸಣ್ಣ ಫ್ಲಾಸ್ಕು ತೆಗೆದು ಕರಿ ಕಾಫಿ ಬಗ್ಗಿಸಿದಳು.

*

ಮುನಿಯಲ್ಲಮ್ಮ ಮುಳಬಾಗಿಲು ಕಡೆಯ ಹುಡುಗಿ. ತವರಿನಲ್ಲಿ ಹಿಂಡುವ ಹಸು ಇರಲಿಲ್ಲ. ರಾಗಿ, ಹುರುಳಿ, ಆಗಾಗ ಯಾರೋ ಕೊಟ್ಟ ಮಜ್ಜಿಗೆ, ಇಷ್ಟರಲ್ಲೇ ಗಟ್ಟಿಮುಟ್ಟಾಗಿ ಬೆಳೆದಿದ್ದಳು. ಹತ್ತೊಂಬತ್ತಕ್ಕೆ ಈ ಮನೆಗೆ ಬಂದಾಗ ಕೊಟ್ಟಿಗೆಯಲ್ಲಿ ಐದು ಕರಾವಿನ ಹಸು ಇದ್ದವು.

ಅತ್ತೆ ಕೆಟ್ಟವಳಾಗಿರಲಿಲ್ಲ. ಅದೇ ಕಷ್ಟವಾಗಿದ್ದು. ಶ್ರೀನಿವಾಸಪುರದ ಕಡೆಯವಳಾದ ಅವಳಿಗೆ ಸಿಟ್ಟು ಬಂದರೂ ಪ್ರೀತಿ ಬಂದರೂ ತೆಲುಗೇ ಬಾಯಿಗೆ ಬರುತ್ತಿತ್ತು. ಹೊಸ ಸೊಸೆ ಬಡಕಲಾಗುತ್ತಿದ್ದಾಳೆ ಅಂತ ದಿನಾ ಎರಡು ಹೊತ್ತು ದೊಡ್ಡ ಲೋಟದ ತುಂಬ ಕಾಯಿಸಿದ ಹಾಲು ಹಿಡಿದು ಬರುತ್ತಿದ್ದಳು. "ತಾಗಮ್ಮಾ, ತಾಗು," ಕುಡಿ ತಾಯಿ, ಕುಡಿ. ಕುಡಿದ ಅರ್ಧ ಗಂಟೆಗೆ ಸೊಸೆಯ ಹೊಟ್ಟೆ ತಮಟೆಯಂತೆ ಬಿಗಿದುಕೊಳ್ಳುತ್ತಿತ್ತು, ಒಳಗೆ ಗುಡುಗುಡು, ಆಮೇಲೆ ಚೊಂಬು ಹಿಡಿದು ಬೇಲಿಯ ಕಡೆ ಓಟ. ಹೊಟ್ಟೆ ಕೆಟ್ಟಿದೆ ಅಂದರೆ ಆ ಮನೆಯಲ್ಲಿ ಅದಕ್ಕೂ ಮದ್ದು ಹಾಲೇ. ಮೆಣಸು ಕುಟ್ಟಿ ಹಾಕಿದ ಹಾಲು, ಅರಿಶಿನ ಹಾಕಿದ ಹಾಲು. ಎಷ್ಟು ಸೊರಗಿದಳೋ ಅಷ್ಟು ಹಾಲು, ಎಷ್ಟು ಹಾಲೋ ಅಷ್ಟು ಸೊರಗುವುದು.

ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು. ಲೋಟ ಹಿಡಿದು ಕೊಟ್ಟಿಗೆಗೆ ಹೋಗುವುದು, ಅಲ್ಲಿ ಮೂಲೆಯಲ್ಲಿದ್ದ ಕಲ್ಲಿನ ಬಟ್ಟಲಿಗೆ ಸುರಿಯುವುದು, ಬಾಯಿ ಒರೆಸಿಕೊಂಡು ಬರುವುದು. ಆರು ತಿಂಗಳಲ್ಲಿ ಅವಳ ಮೈಗೆ ಬಣ್ಣ ಬಂತು. ಮನೆಯ ನಾಯಿ ಗುಡಾಣದ ಹಾಗೆ ಊದಿಕೊಂಡಿತು. ಬಂದವರೆಲ್ಲ, ಇದೇನು ನಿಮ್ಮ ನಾಯಿಗೆ ಬಾಣಂತನವೇ ಅಂತ ಕೇಳುವ ಹಾಗಾಯಿತು. ಅಲ್ಲಿಗೆ ಗುಟ್ಟು ಬಯಲಾಯಿತು.

ಅತ್ತೆಗೆ ಆದದ್ದು ಸಿಟ್ಟಲ್ಲ, ಅವಮಾನ. ಲಕ್ಷ್ಮಿಯಂಥ ಹಾಲನ್ನು ನಾಯಿಗೆ ಹಾಕಿದಳು ಅಂತ ನೆಂಟರನ್ನೆಲ್ಲ ಕರೆದು ಅಂಗಳದಲ್ಲಿ ಕೂರಿಸಿ, ಅವರ ಮುಂದೆ ಒಂದು ಚೊಂಬು ಹಾಲನ್ನು ಸೊಸೆಯ ಕೈಗೆ ಕೊಟ್ಟಳು. ಕುಡಿ, ಎಲ್ಲರೂ ನೋಡಲಿ. ಮುನಿಯಲ್ಲಮ್ಮ ಚೊಂಬು ಹಿಡಿದು ಕಂಬಕ್ಕೆ ಒರಗಿ ನಿಂತಿದ್ದ ಗಂಡನ ಕಡೆ ನೋಡಿದಳು. ಬೇರೆ ಯಾರ ಕಡೆಯೂ ನೋಡಲಿಲ್ಲ.

ಶ್ರೀರಾಮಪ್ಪ ತನ್ನ ಕಾಲಿನ ಹೆಬ್ಬೆಟ್ಟು ನೋಡಿಕೊಂಡು ನಿಂತಿದ್ದ.

ಅವಳು ಪೂರ್ತಿ ಕುಡಿದಳು. ಆ ಮಧ್ಯಾಹ್ನವೆಲ್ಲ ಬೇಲಿಯ ಹಿಂದೆ ಕಳೆದಳು. ಆಮೇಲೆ ಯಾವತ್ತೂ ಅದನ್ನು ಎತ್ತಿ ಆಡಲಿಲ್ಲ. ಅತ್ತೆ ಇರುವ ತನಕ ಹಬ್ಬ ಹುಣ್ಣಿಮೆಗೆ ಒಂದು ಗುಟುಕು ಕುಡಿದು ಅನುಭವಿಸಿದಳು. ಮಿಕ್ಕ ದಿನ ರಾಗಿ ಅಂಬಲಿಗೆ ಹುಳಿ ಮಜ್ಜಿಗೆ ಬೆರೆಸಿಕೊಂಡು ಬದುಕಿದಳು. ಮಜ್ಜಿಗೆ ಅವಳಿಗೆ ಒಗ್ಗುತ್ತಿತ್ತು. ಹೆಪ್ಪು ಹಾಕಿದ ಮೇಲೆ ಹಾಲಿನ ಕೋಪ ಇಳಿದುಬಿಡುತ್ತೆ ಅಂತ ಅವಳದೇ ಒಂದು ಲೆಕ್ಕ. ತನಗೆ ಒಗ್ಗದ ಹಾಲನ್ನು ನಲವತ್ತು ವರ್ಷ ಕರೆದಳು. ಹಾಲು ಸರಿಯಿಲ್ಲ ಅಂತ ಅವಳ ಕ್ಯಾನು ಡೈರಿಯಿಂದ ಒಂದು ದಿನವೂ ವಾಪಸು ಬರಲಿಲ್ಲ.

*

"ದಾರಿ ಬಿಡಿ, ಮೇಷ್ಟ್ರು ಬಂದ್ರು," ಅಂತ ಯಾರೋ ಅಂದರು.

ನಿವೃತ್ತರಾದ ಹೆಡ್‌ಮಾಸ್ಟರು ಚಂದ್ರಮೋಹನ್ ಕೋಲೂರಿಕೊಂಡು ಬಂದರು. ಅವರ ಹಿಂದೆ ಹದಿನೈದು ಇಪ್ಪತ್ತು ಜನ ಹುಡುಗ ಹುಡುಗಿಯರು. ಕೆಲವರು ಮಾಲೂರಿನ ಫ್ಯಾಕ್ಟರಿಯ ಸಮವಸ್ತ್ರದಲ್ಲೇ ಬಂದಿದ್ದರು. ಒಬ್ಬಳ ಸೊಂಟದಲ್ಲಿ ಕೂಸಿತ್ತು. ದಿಲ್ಷಾದಳ ಮಗಳು ತಬಸ್ಸುಮ್ ಕೋಲಾರದ ನರ್ಸಿಂಗ್ ಕಾಲೇಜಿನಿಂದ ಬೆಳಗಿನ ಬಸ್ಸಿಗೇ ಬಂದಿದ್ದಳು. ಅವರು ಯಾರೂ ಹೇಳದಿದ್ದರೂ ಅಂಗಳದಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತರು. ಚಿಕ್ಕಂದಿನ ಅಭ್ಯಾಸ.

ಸ್ಕೂಲಿನಲ್ಲಿ ಹಾಲಿನ ಬದಲು ಅಂಬಲಿಗೆ ಬೇರೆ ಸಾಲು ನಿಲ್ಲುತ್ತಿದ್ದ ಅವರಿಗೆ ಊರಲ್ಲಿ ಅಂಬಲಿ ಸಾಲು ಅಂತ ಹೆಸರು. ಸ್ಕೂಲಿನಲ್ಲಿ ಮಕ್ಕಳಿಗೆ ಹಾಲು ಕೊಡಲು ಶುರುವಾದ ಹೊಸದರಲ್ಲಿ ತಬಸ್ಸುಮ್ ದಿನಾ ಎರಡನೇ ಪಾಠಕ್ಕೆ ಹೊಟ್ಟೆ ಹಿಡಿದುಕೊಂಡು ಮನೆಗೆ ಓಡುತ್ತಿದ್ದಳು. ಲೆಕ್ಕ ತಪ್ಪಿಸಿಕೊಳ್ಳುವ ನಾಟಕ ಅಂತ ಎಲ್ಲರೂ ನಕ್ಕರು, ಹೆತ್ತ ದಿಲ್ಷಾದಳೂ ಬೈದಳು. ಒಂದು ದಿನ ಮುನಿಯಲ್ಲಮ್ಮ ಸೌಟು ಕೆಳಗಿಟ್ಟು ಹುಡುಗಿಯ ಹೊಟ್ಟೆಗೆ ಕಿವಿ ಇಟ್ಟಳು. ಎದ್ದು ನೇರ ಹೆಡ್‌ಮಾಸ್ಟರ ಕೋಣೆಗೆ ಹೋದಳು. ಈ ಸದ್ದು ನನಗೆ ಗೊತ್ತು, ಇಂಥ ಮಕ್ಕಳು ಇನ್ನೂ ಆರು ಜನ ಇದ್ದಾರೆ, ಹತ್ತು ದಿನ ಇವರನ್ನು ನನಗೆ ಬಿಡಿ ಅಂದಳು. ಹೆಬ್ಬೆಟ್ಟು ಒತ್ತುವ ಹೆಂಗಸು. ಮೇಷ್ಟ್ರಿಗೆ ಮೊದಲು ಸಿಟ್ಟು ಬಂತಂತೆ. ಹತ್ತು ದಿನ ಆ ಏಳು ಮಕ್ಕಳು ಹಾಲಿನ ಬದಲು ಅವಳು ಮನೆಯಿಂದ ತಂದ ಮಜ್ಜಿಗೆ ಅಂಬಲಿ ಕುಡಿದರು. ಹತ್ತು ದಿನ ಒಬ್ಬರೂ ಹೊಟ್ಟೆ ಹಿಡಿಯಲಿಲ್ಲ.

ಹನ್ನೊಂದನೇ ದಿನ ಮೇಷ್ಟ್ರು ಏಳು ಮಕ್ಕಳನ್ನೂ, ಜೊತೆಗೆ ಮುನಿಯಲ್ಲಮ್ಮನನ್ನೂ ಕೋಲಾರಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಶ್ರೀರಾಮಪ್ಪನೂ ಹೋಗಿದ್ದ. ಆ ಡಾಕ್ಟರಮ್ಮ ನಿಧಾನಕ್ಕೆ ಬಿಡಿಸಿ ಹೇಳಿದರು. ಹಾಲಿನಲ್ಲಿ ಒಂದು ಸಕ್ಕರೆ ಇರುತ್ತೆ. ಅದನ್ನು ಒಡೆದು ಜೀರ್ಣ ಮಾಡುವ ರಸ ಕರುಳಿನಲ್ಲಿ ಹುಟ್ಟುತ್ತೆ. ಎದೆಹಾಲು ಬಿಟ್ಟ ಮೇಲೆ ಬಹಳ ಜನಕ್ಕೆ ಆ ರಸ ಕಮ್ಮಿಯಾಗುತ್ತಾ ಬರುತ್ತೆ. ಒಡೆಯದ ಸಕ್ಕರೆ ಹೊಟ್ಟೆಯಲ್ಲಿ ಹುಳಿತು ಗಾಳಿಯಾಗುತ್ತೆ, ನೀರಾಗುತ್ತೆ. ಮೊಸರು ಮಜ್ಜಿಗೆಯಲ್ಲಿ ಅರ್ಧ ಕೆಲಸ ಹೆಪ್ಪೇ ಮಾಡಿಬಿಟ್ಟಿರುತ್ತೆ, ಅದಕ್ಕೆ ಒಗ್ಗುತ್ತೆ. ಇದು ಶಾಪವೂ ಅಲ್ಲ, ಸೋಗೂ ಅಲ್ಲ.

ಐವತ್ತು ದಾಟಿದ ಮೇಲೆ ಮುನಿಯಲ್ಲಮ್ಮನ ಹೊಟ್ಟೆಗೆ ಒಂದು ಹೆಸರು ಸಿಕ್ಕಿತು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅವಳು ಗಂಡನಿಗೆ ಅಂದದ್ದು ಒಂದೇ ಮಾತು: "ಅತ್ತೆ ಇದ್ದಿದ್ರೆ ಚೆನ್ನಾಗಿತ್ತು. ಪಾಪ, ಕೇಳಿದ್ರೆ ಅವರಿಗೂ ಸಮಾಧಾನ ಆಗ್ತಿತ್ತು."

*

ಮೇಷ್ಟ್ರು ಹೆಣಕ್ಕೆ ಕೈಮುಗಿದು ಮರದ ಕೆಳಗೆ ಬಂದು ಕೂತರು. ಯಾಕೆ ಎಲ್ಲ ಹೀಗೆ ದೂರ ಕೂತಿದ್ದೀರಿ ಅಂತ ಕೇಳಿ, ವಿಷಯ ತಿಳಿದುಕೊಂಡರು. ಅವರು ಯಾರ ಪರವಾಗಿಯೂ ವಾದ ಮಾಡಲಿಲ್ಲ. ಆ ದಿನ ಡಾಕ್ಟರು ಹೇಳಿದ್ದನ್ನೇ ಹೇಳಿದರು. ನಮ್ಮ ಕಡೆ ದೊಡ್ಡವರಲ್ಲಿ ಅರ್ಧ ಜನಕ್ಕಾದರೂ ಆ ರಸ ಕಮ್ಮಿಯಂತೆ, ಕೆಲವರಿಗೆ ಏನೂ ಆಗಲ್ಲ, ಕೆಲವರು ಯಾರಿಗೂ ಹೇಳಿಕೊಳ್ಳಲ್ಲ ಅಂದರು.

ಗಂಗುಲಪ್ಪ ಕರಿ ಕಾಫಿಯ ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದ.

"ಕುಡಿದ ಅರ್ಧ ಗಂಟೆಗೆ ಗುಡುಗುಡು ಅಂತದಾ?"

"ಅಂತದೆ."

"ಆಮೇಲೆ... ತಡ್ಕೊಳಕ್ಕಾಗಲ್ವಾ?"

"ಆಗಲ್ಲವಂತೆ."

ಗಂಗುಲಪ್ಪ ಲೋಟ ಕೆಳಗಿಟ್ಟ.

ಇತ್ತ ಶ್ರೀರಾಮಪ್ಪ ಅಂಗಳದ ನಡುವೆ ನಿಂತು ಗಂಟಲು ಸರಿಮಾಡಿಕೊಂಡ. ಎಲ್ಲರಿಗೂ ಕೇಳುವಂತೆ ಅವನು ಮಾತಾಡಿದ್ದನ್ನು ಊರು ಅವತ್ತೇ ಮೊದಲು ಕಂಡಿದ್ದು.

"ಇದೇ ಅಂಗಳದಲ್ಲಿ ಒಂದ್ಸಲ ಅವಳ ಕೈಗೆ ಚೊಂಬು ಕೊಟ್ಟಿದ್ರು. ನಾನು ಆ ಕಂಬದ ಹತ್ರ ಸುಮ್ನೆ ನಿಂತಿದ್ದೆ. ಇವತ್ತು ಸುಮ್ನಿರಲ್ಲ. ಹೆಗಲು ಕೊಡೋರು ಕೊಡಿ. ಇಲ್ಲಾಂದ್ರೆ ಟ್ರ್ಯಾಕ್ಟರಲ್ಲಿ ಹಾಕ್ಕೊಂಡು ನಾನೇ ಹೋಗ್ತೀನಿ." ಮಗಳ ಕಡೆ ತಿರುಗಿದ. "ಅಮ್ಮಣ್ಣೀ, ನಿಮ್ಮಮ್ಮ ಇವತ್ತಿಗೆ ಅಂತ ಕಾಸಿಟ್ಟಿದ್ದ ಅಂಬಲಿ ಒಳಗದೆ. ಗಡಿಗೆ ತಗೊಂಡು ಬಾ."

ಸಾವಿನ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ಇದು ನಿನ್ನೆ ಮಧ್ಯಾಹ್ನ ಅವಳೇ ಹಚ್ಚಿದ ಒಲೆಯದು. ಗಂಗಾಲಕ್ಷ್ಮಿ ಗಡಿಗೆ ತಂದಳು. ತಿಳಿಯನ್ನು ಬಗ್ಗಿಸಿ, ದಿಲ್ಷಾದ್ ತಂದುಕೊಟ್ಟ ಮಜ್ಜಿಗೆ ಬೆರೆಸಿದಳು. ಶ್ರೀರಾಮಪ್ಪ ಹೊಸ ಎಲೆ ತೆಗೆದುಕೊಂಡು ಅದ್ದಿ, ಹೆಂಡತಿಯ ತುಟಿಗೆ ಮೂರು ಹನಿ ಬಿಟ್ಟ. ಆಮೇಲೆ ಮಗಳು. ಆಮೇಲೆ ಸಾಲು.

ತಬಸ್ಸುಮ್ ಮೊದಲು ಬಂದಳು. ಎಲೆಯನ್ನು ತುಟಿಗೆ ತಾಗಿಸಿ, ಬಗ್ಗಿ, ಮುದುಕಿಯ ಹೊಟ್ಟೆಯ ಮೇಲೆ ಒಂದು ಗಳಿಗೆ ಅಂಗೈ ಇಟ್ಟು ಸರಿದಳು. ಕೂಸನ್ನು ಎತ್ತಿಕೊಂಡವಳು ಬಂದಳು. ಫ್ಯಾಕ್ಟರಿಯ ಹುಡುಗರು ಚಪ್ಪಲಿ ಬಿಟ್ಟು ಬಂದರು. ಮೊದಲ ಏಳು ಜನರಷ್ಟೇ ಅಲ್ಲ, ಅವರ ನಂತರ ವರ್ಷ ವರ್ಷ ಬಂದು ಸೇರಿದವರು, ಎಂದೂ ಅಂಬಲಿ ಸಾಲಿನಲ್ಲಿ ನಿಲ್ಲದಿದ್ದವರು, ಅವರ ಅಮ್ಮಂದಿರು. ಮೊದಲು ಅಂಗಳದೊಳಗಿದ್ದ ಸಾಲು ಗೇಟು ದಾಟಿ ರಸ್ತೆಗೆ ಬೆಳೆಯಿತು. ಶ್ರೀರಾಮಪ್ಪ ಗಡಿಗೆ ಹಿಡಿದು ತಲೆ ಎತ್ತಿ ನಿಂತಿದ್ದ. ಊರಿನ ಯಾವ ಗೌಡನ ಸಾವಿಗೂ ಇಷ್ಟು ಜನ ಹೀಗೆ ನಿಂತದ್ದನ್ನು ಅವನು ಕಂಡಿರಲಿಲ್ಲ.

ಸಾಲಿನ ಕೊನೆಯಲ್ಲಿ, ಚಪ್ಪಲಿ ಬಿಟ್ಟು, ಟವೆಲ್ಲು ಸೊಂಟಕ್ಕೆ ಸುತ್ತಿಕೊಂಡು ಗಂಗುಲಪ್ಪ ನಿಂತಿದ್ದ.

ಅವನ ಸರದಿ ಬಂತು. ಎಲೆ ಅದ್ದಿಕೊಂಡು ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಪಕ್ಕದಲ್ಲೇ ಇದ್ದ ಶ್ರೀರಾಮಪ್ಪನಿಗೆ ಮಾತ್ರ ಅವನ ಮಾತು ಕೇಳಿಸಿತು.

"ಹರಕೆ ಅಂದ್ರೆ ಯಾರೂ ಎರಡನೇ ಮಾತು ಕೇಳಲ್ಲ ಕಣಮ್ಮ. ನಂಗೆ ದೇವರ ಹೆಸರಿತ್ತು. ನಿಂಗೆ ಅದೂ ಇರ್ಲಿಲ್ಲ."

ಎದ್ದು ಅವನು ತಮ್ಮನ ಮುಖ ನೋಡಲಿಲ್ಲ. ಚಟ್ಟದ ಮುಂದಿನ ಬೊಂಬಿನ ಹತ್ತಿರ ಹೋಗಿ ಹೆಗಲಿನ ಮೇಲೆ ಟವೆಲ್ಲು ಮಡಿಸಿ ಇಟ್ಟುಕೊಂಡ. ದಾಯಾದಿಗಳು ಕುರ್ಚಿಗಳಿಂದ ಎದ್ದರು.

ತಮಟೆಯವರು ಹುಲ್ಲಿನ ಉರಿಗೆ ತಮಟೆ ಕಾಯಿಸುತ್ತಿದ್ದರು. ನೆಲದ ಮೇಲಿನ ಲೋಟದಲ್ಲಿ ಹಾಲು ಆರಿ ಕೆನೆ ಕಟ್ಟಿತ್ತು. ಶ್ರೀರಾಮಪ್ಪ ಅದನ್ನು ಎತ್ತಿಕೊಂಡು ಕೊಟ್ಟಿಗೆಯ ಕಡೆ ನಡೆದ. ಮೂಲೆಯಲ್ಲಿ ಆ ಕಲ್ಲಿನ ಬಟ್ಟಲು ಇನ್ನೂ ಅಲ್ಲೇ ಇತ್ತು, ಅಂಚು ಸವೆದು ನುಣ್ಣಗಾಗಿತ್ತು. ಎಲ್ಲರೂ ನೋಡುತ್ತಿದ್ದಂತೆ ಲೋಟವನ್ನು ಅದಕ್ಕೆ ಬಗ್ಗಿಸಿದ. ಜಗಲಿಯ ಕೆಳಗೆ ಮಲಗಿದ್ದ ಕಂದು ನಾಯಿ ಎದ್ದು ಮೈ ಕೊಡವಿ ಬಂತು. ಅದು ತಳ ನೆಕ್ಕಿ ಮುಗಿಸುವವರೆಗೂ, ಚಟ್ಟ ಎತ್ತದೆ, ಅವರೆಲ್ಲ ಕಾದರು.