ಇಳಿಯುವುದಕ್ಕೆಂದೇ ಕಟ್ಟಿಸಿದ ಮೆಟ್ಟಿಲು

ವಿಮಾನ ನಿಲ್ದಾಣಕ್ಕೆ ಜಮೀನು ಹೋಗಿ ಪರಿಹಾರ ಕೈಗೆ ಬಂದಾಗ, ದೇವನಹಳ್ಳಿ ಕಡೆಯ ಅಮ್ಮಯಮ್ಮ ಕೇಳಿದ್ದು ಒಡವೆಯನ್ನಲ್ಲ, ಮೆಟ್ಟಿಲನ್ನು. ವರ್ಷಗಟ್ಟಲೆ ನೋಡಿದ್ದ ಧಾರಾವಾಹಿಯೊಂದರಲ್ಲಿ ಅತ್ತೆಯಾದವಳು ರೇಷ್ಮೆ ಸೀರೆಯುಟ್ಟು ಬಾಗಿದ ಮೆಟ್ಟಿಲಿಳಿದು ಬಂದರೆ ಕೆಳಗಿದ್ದವರೆಲ್ಲ ಎದ್ದು ನಿಲ್ಲುತ್ತಿದ್ದರು. ಧಾರಾವಾಹಿ ಮುಗಿದರೂ ಆ ಗತ್ತು ಅವಳ ಕಣ್ಣಿಗೆ ಕಟ್ಟಿತ್ತು.

"ಮ್ಯಾಲೆ ಏನೈತೆ ಅಂತ ಮೆಟ್ಲು?" ಎಂದು ಗಂಡ ಅಪ್ಪಯ್ಯಣ್ಣ ರೇಗಿದ.

"ಹತ್ತಕ್ಕಲ್ಲ, ಇಳಿಯಕ್ಕೆ!"

ಹೊಸ ಮನೆಯ ಅರ್ಧ ಹಾಲನ್ನು ಮೆಟ್ಟಿಲೇ ನುಂಗಿತು. ಮೇಲೆ ಕೋಣೆ ಏಳಲೇ ಇಲ್ಲ. ಹಾಗಾಗಿ ನೆಂಟರು ಬರುತ್ತಾರೆಂದರೆ ಅಮ್ಮಯಮ್ಮ ಮೊದಲೇ ತಾರಸಿಗೆ ಹತ್ತಿ, ನೀರಿನ ಟ್ಯಾಂಕಿನ ನೆರಳಲ್ಲಿ ಮಂಡಿ ನೀವಿಕೊಳ್ಳುತ್ತ ಕಾಯಬೇಕಿತ್ತು.

ಮಗ ನವೀನ್‌ಕುಮಾರನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬಂದ ದಿನವೂ ಹಾಗೇ ಕಾದಳು. ಎಲ್ಲರೂ ಕೂತ ಮೇಲೆ ಗದ್ದ ಎತ್ತಿ, ನೋವು ಮುಖದಲ್ಲಿ ಕಾಣದಂತೆ ಒಂದೊಂದೇ ಮೆಟ್ಟಿಲಿಳಿದಳು. ಯಾರೂ ಏಳಲಿಲ್ಲ. ಯಾರೂ ತಲೆಯನ್ನೂ ಎತ್ತಲಿಲ್ಲ.

ಬಂದವರಿಗೆ ಬೇಸರವಾಗದಿರಲೆಂದು ಅಪ್ಪಯ್ಯಣ್ಣ ಮೆಟ್ಟಿಲ ಬುಡದಲ್ಲಿದ್ದ ಟೀವಿ ಹಾಕಿಬಿಟ್ಟಿದ್ದ. ಅದರಲ್ಲಿ ಅದೇ ಹಳೆಯ ಧಾರಾವಾಹಿ ಮರುಪ್ರಸಾರವಾಗುತ್ತಿತ್ತು. ಅಮ್ಮಯಮ್ಮ ಕೆಳಗಿಳಿದು ಅದಕ್ಕೆ ಅಡ್ಡ ನಿಂತದ್ದೇ ತಡ, ಹುಡುಗಿಯ ತಾಯಿ ಕಣ್ಣೊರೆಸಿಕೊಳ್ಳುತ್ತ ಕೈ ಬೀಸಿದಳು.

"ಒಸಿ ಸರ್ಕೊಳಮ್ಮ, ಅತ್ತೆ ಬರ್ತಾವ್ರೆ!"

ಅಮ್ಮಯಮ್ಮ ತಿರುಗಿ ನೋಡಿದಳು. ಟೀವಿಯ ಅತ್ತೆ ಕೊನೆಯ ಮೆಟ್ಟಿಲಿಗೆ ಬಂದಿದ್ದಳು. ಅಮ್ಮಯಮ್ಮ ಸೆರಗು ಸರಿಮಾಡಿಕೊಂಡು, ದಾರಿ ಬಿಟ್ಟು ನಿಂತಳು.