ಸೊನ್ನೆ ಒತ್ತಿದರೆ ಚಿಕ್ಕಮ್ಮ

ಗುಂಡಿ ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜು ಬಟ್ಟೆಯ ಬೀರುವಿನಷ್ಟು ದೊಡ್ಡದಿತ್ತು. ಒಳಗಿನಿಂದ ಸದಾ ಗೊರಕೆಯಂಥ ಸದ್ದು. ಕೆಟ್ಟರೆ ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ರಿಪೇರಿ ಬಲ್ಲ ಕೊನೆಯ ಮೆಕ್ಯಾನಿಕ್ಕು ನಿವೃತ್ತನಾಗಿ ಕೋಳಿ ಸಾಕುತ್ತಿದ್ದ. ಅವನಿಗೆ ಫೋನ್ ಮಾಡಿದರೆ ಮೊಟ್ಟೆ ಎಷ್ಟು ಬೇಕು ಎಂದಷ್ಟೇ ಕೇಳುತ್ತಿದ್ದ. ಹೀಗಾಗಿ ಆ ಬೀರುವನ್ನು ಕಿತ್ತು, ಕಂಪ್ಯೂಟರ್ ಜಾಲದ ಮೇಲೆ ಓಡುವ ಹೊಸ ಫೋನುಗಳನ್ನು ಹಾಕಲು ಒಬ್ಬ ನೆಟ್‌ವರ್ಕ್ ಎಂಜಿನಿಯರನ್ನು ಕರೆಸಿದರು.

ಎಂಜಿನಿಯರ್ ಮೂವತ್ತು ದಾಟಿದ ಹೆಂಗಸು. ಬ್ಯಾಂಕು, ಆಸ್ಪತ್ರೆ, ಒಂದು ಜೈಲಿನ ಫೋನುಗಳನ್ನೂ ಹೊಸದಕ್ಕೆ ದಾಟಿಸಿದವಳು. ಜೈಲಿನಲ್ಲೇ ಯಾರೂ ತಪ್ಪಿಸಿಕೊಳ್ಳದ ಹಾಗೆ ಕೆಲಸ ಮುಗಿಸಿದ್ದೇನೆ, ಗುಂಡಿ ಕಾರ್ಖಾನೆ ಯಾವ ಮಹಾ ಎಂದುಕೊಂಡೇ ಬಂದಳು.

ಎಕ್ಸ್‌ಚೇಂಜಿನ ಪಕ್ಕದ ಮೇಜಿನಲ್ಲಿ ಕೂತಿದ್ದವರು ಚಿಕ್ಕಮ್ಮ. ಮಾಲೀಕರಾದ ಅಣ್ಣತಮ್ಮಂದಿರಿಗೆ ಅವರು ತಾಯಿಯ ತಂಗಿ; ಹಾಗಾಗಿ ಇಡೀ ಕಾರ್ಖಾನೆಗೇ ಚಿಕ್ಕಮ್ಮ. ಯಾರು ಸೊನ್ನೆ ಒತ್ತಿದರೂ ಅವರ ಫೋನು ಬಡಿದುಕೊಳ್ಳುತ್ತಿತ್ತು. ಅವರು ಬೇಕಾದವರಿಗೆ ಜೋಡಿಸಿಕೊಡುತ್ತಿದ್ದರು.

ಅಣ್ಣತಮ್ಮಂದಿರನ್ನು ಮಾತ್ರ ಒಬ್ಬರಿಗೊಬ್ಬರು ಜೋಡಿಸುವಂತಿರಲಿಲ್ಲ. ಅವರು ಮಾತು ಬಿಟ್ಟಿದ್ದರು. ಗುಂಡಿಗೆ ಎರಡು ತೂತಿರಬೇಕು ಎಂದು ಅಣ್ಣ, ನಾಲ್ಕಿರಬೇಕು ಎಂದು ತಮ್ಮ ಶುರು ಮಾಡಿದ ವಾದ, ಯಾರ ತಲೆಯಲ್ಲಿ ಎಷ್ಟು ತೂತಿದೆ ಎನ್ನುವವರೆಗೆ ಹೋಗಿ ಮುರಿದುಬಿದ್ದಿತ್ತು. ಕೆಲಸಗಾರರು ಬೆನ್ನ ಹಿಂದೆ ಅವರನ್ನು ಎರಡು ತೂತು, ನಾಲ್ಕು ತೂತು ಎಂದೇ ಕರೆಯುತ್ತಿದ್ದರು. ಇಬ್ಬರ ಕೋಣೆಗಳ ನಡುವೆ ಇದ್ದದ್ದು ಬರೀ ಒಂದು ಪ್ಲೈವುಡ್ ಹಲಗೆ. ಅಣ್ಣ ಸೀನಿದರೆ ತಮ್ಮನ ಮೇಜಿನ ಕಾಗದ ಅಲುಗುತ್ತಿತ್ತು. ಆದರೂ ಅಣ್ಣ ಹೇಳಿದ್ದು ಚಿಕ್ಕಮ್ಮನ ಮೂಲಕ ಫೋನಿನಲ್ಲಿ ಬರುವವರೆಗೆ ತಮ್ಮನಿಗೆ ಏನೂ ಕೇಳಿಸಿಲ್ಲ ಎಂದೇ ಅರ್ಥ.

ಮೊದಲ ದಿನ ಎಂಜಿನಿಯರ್ ತಂತಿಗಳನ್ನು ನೋಡುತ್ತಿದ್ದಾಗ ಚಿಕ್ಕಮ್ಮನ ಫೋನು ಬಡಿದುಕೊಂಡಿತು. ಅಣ್ಣನ ದನಿ ರಿಸೀವರು ಮೀರಿ ಕೋಣೆಗೆಲ್ಲ ಕೇಳಿತು.

"ಆ ಕತ್ತೆಗೆ ಹೇಳು ಚಿಕ್ಕಮ್ಮ. ಇನ್ನೊಂದ್ಸಲ ದಾರೀಲಿ ಬಣ್ಣದ ಡ್ರಮ್ಮಿಟ್ರೆ ಅದ್ರೊಳಗೇ ಅವನನ್ನ ಅದ್ದಿ ತೆಗೀತೀನಿ ಅಂತ."

ಚಿಕ್ಕಮ್ಮ ತಮ್ಮನಿಗೆ ಕರೆ ಹಚ್ಚಿದರು. "ಅಣ್ಣ ಕೇಳ್ತಿದಾನೆ ಕಣೋ, ಡ್ರಮ್ಮು ಒಂಚೂರು ಸರಿಸೋಕಾಗತ್ತಾ ಅಂತ."

"ಅವನ ಕಣ್ಣು ಸರಿ ಮಾಡಿಸ್ಕೊಳ್ಳೋಕೆ ಹೇಳು. ನಡೆಯೋವಾಗ ನೆಲ ನೋಡ್ಬೇಕು, ಆಕಾಶ ಅಲ್ಲ."

ಚಿಕ್ಕಮ್ಮ ಮತ್ತೆ ಅಣ್ಣನಿಗೆ ಹಚ್ಚಿದರು. "ಸರಿಸ್ತಾನಂತೆ. ಹುಷಾರಾಗಿ ನಡಿ ಅಂದ."

ಎಂಜಿನಿಯರ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

"ಇದೆಲ್ಲಾ ನಿನ್ನ ಹೊಸ ಯಂತ್ರಕ್ಕೆ ಬರತ್ತೇನಮ್ಮ?" ಎಂದು ಚಿಕ್ಕಮ್ಮ ಕೇಳಿದರು.

"ಬರಲ್ಲ ಚಿಕ್ಕಮ್ಮ. ಅದು ಅಂದಿದ್ದನ್ನ ಅಂದ ಹಾಗೇ ತಲುಪಿಸತ್ತೆ."

"ಪುಣ್ಯ ಬರ್ಲಿ ನಿನಗೆ. ಬೇಗ ಹಾಕು. ಒಬ್ಬನ ಬಾಯಲ್ಲಿ ಬೆಂಕಿ, ಇನ್ನೊಬ್ಬನ ಕಿವೀಗೆ ತಣ್ಣೀರು. ಮಧ್ಯ ನಾನು ಆವಿಯಾಗಿ ಹೋದೆ."

ಮರುದಿನ ಅಣ್ಣ ಎಂಜಿನಿಯರನ್ನು ಗೋದಾಮಿನ ಮೂಲೆಗೆ ಕರೆದ. "ನೋಡಮ್ಮ, ಎಲ್ಲಾರ್ಗೂ ಹೊಸದು ಹಾಕು. ನನ್ನದೊಂದು ಹಳೇದೇ ಇರ್ಲಿ. ನನ್ನ ನಾಲಿಗೆ ಸ್ವಲ್ಪ ಉದ್ದ. ನೇರವಾಗಿ ಹೋದ್ರೆ ತಮ್ಮ ತಡ್ಕೊಳ್ಳಲ್ಲ, ಅವನದು ಹೆಂಗರುಳು."

ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ತಮ್ಮ ಅಡ್ಡ ನಿಂತಿದ್ದ. "ಮೇಡಂ, ನನ್ನ ಲೈನು ಮುಟ್ಬೇಡಿ. ಅಣ್ಣಂಗೆ ಬೀಪಿ ಇದೆ. ನಾನನ್ನೋ ಮಾತು ಹಾಗ್ಹಾಗೇ ಕಿವಿಗೆ ಬಿದ್ರೆ ಎದೆ ಒಡ್ಕೋತಾನೆ."

"ಹಲ್ಲು ಕಿತ್ತು ಬೇರು ಉಳಿಸಿ ಅಂದ್ರೆ ಆಗತ್ತಾ ಸಾರ್?" ಎಂದಳು ಎಂಜಿನಿಯರ್. ಇಬ್ಬರಿಗೂ ಅದೇ ಉತ್ತರ ಕೊಟ್ಟಳು.

ಬದಲಾವಣೆಯ ದಿನ ಬೆಳಗ್ಗೆ ಎಲ್ಲರ ಮೇಜಿನ ಮೇಲೂ ಪುಟ್ಟ ಪರದೆಯ ಹೊಸ ಫೋನು ಕೂತಿತು. ಹೊರಗಿನವರು ಕರೆ ಮಾಡಿದರೆ ಮುದ್ರಿಸಿಟ್ಟ ದನಿ ಹೇಳುತ್ತಿತ್ತು: ಗುಂಡಿ ಬೇಕಾದವರು ಒಂದನೇ ಗುಂಡಿ ಒತ್ತಿ, ಗುಂಡಿಯ ಬಗ್ಗೆ ದೂರಿದ್ದರೆ ಎರಡನೇ ಗುಂಡಿ ಒತ್ತಿ. ಒಬ್ಬ ಹಳೆಯ ದರ್ಜಿ ತನ್ನ ಅಂಗಿಯ ಮೇಲಿನ ಗುಂಡಿಯನ್ನು ಒತ್ತಿ ಒತ್ತಿ ಸುಸ್ತಾಗಿ, ಆಟೋ ಹತ್ತಿ ಕಾರ್ಖಾನೆಗೇ ಬಂದುಬಿಟ್ಟ. "ನಿಮ್ಮ ಗುಂಡಿ ಕೆಲಸ ಮಾಡ್ತಿಲ್ಲ" ಎಂದು ಬಾಗಿಲಲ್ಲೇ ದೂರಿದ.

ಅವನನ್ನು ಸಮಾಧಾನಪಡಿಸುವ ಗಡಿಬಿಡಿಯಲ್ಲಿ ಎಂಜಿನಿಯರ್ ಒಂದು ತಪ್ಪು ಮಾಡಿದಳು. ಕಂಪ್ಯೂಟರಿನ ಪಟ್ಟಿಯಲ್ಲಿ ಸೊನ್ನೆಯನ್ನು ಚಿಕ್ಕಮ್ಮನ ಮೇಜಿಗೆ ಜೋಡಿಸುವ ಬದಲು ಅದರ ಕೆಳಗಿನ ಸಾಲಿಗೆ ಜೋಡಿಸಿದಳು. ಕೆಳಗಿನ ಸಾಲಿನಲ್ಲಿದ್ದದ್ದು ಕಾರ್ಖಾನೆಯ ಧ್ವನಿವರ್ಧಕಗಳು.

ಅಣ್ಣ ಅಭ್ಯಾಸಬಲದಿಂದ ಸೊನ್ನೆ ಒತ್ತಿದ.

"ಚಿಕ್ಕಮ್ಮ, ಆ ನಾಲ್ಕು ತೂತಿಗೆ ಹೇಳು, ನನ್ನ ಮೆತ್ತನೆ ಕುರ್ಚಿ ಅವನ ಕೋಣೇಲಿ ಏನ್ಮಾಡ್ತಿದೆ ಅಂತ."

ಮಾತು ಯಂತ್ರಗಳ ಹಜಾರದಲ್ಲಿ, ಗೋದಾಮಿನಲ್ಲಿ, ಕ್ಯಾಂಟೀನಿನಲ್ಲಿ ಗುಡುಗಿತು. ಪಾಯಖಾನೆಯೊಳಗಿದ್ದ ಅಕೌಂಟೆಂಟು ಗಾಬರಿಯಿಂದ "ಬಂದೆ ಸಾರ್" ಎಂದ.

ಅಣ್ಣನ ದನಿ ಪ್ಲೈವುಡ್ ದಾಟಿ ಬರುವುದು ರೂಢಿಯೇ ಆದ್ದರಿಂದ ತಮ್ಮನಿಗೆ ಅನುಮಾನ ಬರಲಿಲ್ಲ. ಇವತ್ತು ಕೊಂಚ ಜೋರು ಎಂದುಕೊಂಡ. ಚಿಕ್ಕಮ್ಮನ ಕರೆಗೆ ಕಾದ. ಅದು ಬರದಿದ್ದಾಗ ತಾನೇ ಸೊನ್ನೆ ಒತ್ತಿದ.

"ಚಿಕ್ಕಮ್ಮ, ಕುರ್ಚಿ ಅಪ್ಪಂದು ಅಂತ ಹೇಳು. ಎರಡು ತೂತಿನ ಗುಂಡಿ ಥರ ಅಲ್ಲಾಡೋನಿಗೆ ಅದ್ಯಾಕೆ?"

ಯಂತ್ರಗಳು ಒಂದೊಂದಾಗಿ ನಿಂತವು. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಸದ್ದಿನಲ್ಲಿ ಒಂದು ಮಾತು ತಪ್ಪಿದರೂ ನಷ್ಟ ಎಂದು ಕೆಲಸಗಾರರೇ ನಿಲ್ಲಿಸಿದ್ದರು.

ಎಂಜಿನಿಯರಿಗೆ ಬಿಕ್ಕಳಿಕೆ ಶುರುವಾಯಿತು. ಓಡಿಬಂದು ಕಂಪ್ಯೂಟರಿನ ಮುಂದೆ ಕೂತಳು. ಅಷ್ಟರಲ್ಲಿ ಚಿಕ್ಕಮ್ಮ ಅವಳ ಕೈ ಹಿಡಿದುಕೊಂಡರು.

"ಬಿಡು. ಇಷ್ಟು ವರ್ಷ ನಾನು ಸೋಸಿ ಸೋಸಿ ಕೊಟ್ಟಿದ್ದಾಯ್ತು. ಒಂದ್ಸಲ ಗಸಿ ಸಮೇತ ಕುಡೀಲಿ."

"ಚಿಕ್ಕಮ್ಮ, ನನ್ನ ಹೆಸರು ಕೆಡತ್ತೆ" ಎಂದಳು ಅವಳು, ಬಿಕ್ಕಳಿಕೆಯ ನಡುವೆ.

"ಅವರಿಬ್ಬರ ಹೆಸರಿಗಿಂತಾನಾ? ನೀರು ಕುಡಿ."

ಜಗಳ ಈಗ ಬಿಸಿಯೇರಿತ್ತು. ನಾಲ್ಕು ತೂತಿಗೆ ದಾರ ದಂಡ ಎಂದು ಅಣ್ಣ; ಎರಡು ತೂತಿನದು ಮಾನ ಕಳೆಯುವ ಗುಂಡಿ ಎಂದು ತಮ್ಮ. ಹಜಾರದಲ್ಲಿ ಕೆಲಸಗಾರರು ಎರಡು ಪಕ್ಷವಾಗಿ ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದರು. ದರ್ಜಿ ಮಾತ್ರ ಯಾವ ಪಕ್ಷಕ್ಕೂ ಸೇರದೆ, ಬೆಂಚಿನ ಮೇಲೆ ಕೂತು ಕಾಫಿ ತರಿಸಿಕೊಂಡ.

"ಮಾನದ ಮಾತು ನೀನಾಡ್ಬೇಡ" ಎಂದ ಅಣ್ಣ. ಚಿಕ್ಕಮ್ಮನಿಗೆ ಹೇಳು ಎನ್ನುವುದನ್ನು ಮರೆತೇಬಿಟ್ಟಿದ್ದ.

"ಯಾಕಾಡ್ಬಾರ್ದು? ಬ್ಯಾಂಕ್ ಮ್ಯಾನೇಜರ ಮುಂದೆ ನಿನ್ನ ಪ್ಯಾಂಟಿನ ಗುಂಡಿ ಕಿತ್ತು ಹಾರ್ತಲ್ಲ, ಅದು ಎಷ್ಟು ತೂತಿಂದು? ಹಿಂದಿನಿಂದ ಪ್ಯಾಂಟ್ ಹಿಡ್ಕೊಂಡು ಇಡೀ ಮೀಟಿಂಗ್ ನಿಂತಿದ್ದೋರ್ಯಾರು?"

ಗೋದಾಮಿನಲ್ಲಿ ಒಬ್ಬ ಕೆಮ್ಮು ಬಂದರೂ ತಡೆದುಕೊಂಡ.

"ನೀನೇ ಕಣೋ" ಎಂದ ಅಣ್ಣ. ದನಿ ಇಳಿದಿತ್ತು. "ಕೈ ನೋವು ಬಂದಿರ್ಬೇಕು ಅವತ್ತು."

"ವಾರ ಪೂರ್ತಿ ಬಂದಿತ್ತು. ನೀನು ಕೇಳ್ಲಿಲ್ಲ."

"ಕೇಳ್ದೆ ಕಣೋ. ಚಿಕ್ಕಮ್ಮ ಏನಿಲ್ಲ ಚೆನ್ನಾಗಿದಾನೆ ಅಂದ್ಳು."

ಕಂಪ್ಯೂಟರಿನ ಮುಂದೆ ಚಿಕ್ಕಮ್ಮ ಮುಖ ಹುಳ್ಳಗೆ ಮಾಡಿಕೊಂಡರು. ಕ್ಯಾಂಟೀನಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅದು ಹಜಾರಕ್ಕೆ ಹಬ್ಬಿ, ಪ್ಲೈವುಡ್ಡನ್ನೂ ದಾಟಿತು. ಆಗ ಅಣ್ಣತಮ್ಮಂದಿರಿಗೆ ನಡೆದದ್ದು ಹೊಳೆಯಿತು.

ಇಬ್ಬರೂ ಎಕ್ಸ್‌ಚೇಂಜ್ ಕೋಣೆಗೆ ಒಟ್ಟಿಗೆ ನುಗ್ಗಿ ಬಾಗಿಲಲ್ಲಿ ಸಿಕ್ಕಿಕೊಂಡರು. ಸಿಕ್ಕಿಕೊಂಡಲ್ಲಿಂದಲೇ ಎಂಜಿನಿಯರನ್ನು ಬೈಯತೊಡಗಿದರು. ಅಣ್ಣ ಅರ್ಧ ಹೇಳಿದ ಬೈಗುಳವನ್ನು ತಮ್ಮ ಮುಗಿಸುತ್ತಿದ್ದ. ತಮ್ಮನಿಗೆ ಮಾತು ಸಿಗದಿದ್ದರೆ ಅಣ್ಣ ಒದಗಿಸುತ್ತಿದ್ದ. ಇಷ್ಟು ಹೊಂದಾಣಿಕೆ ಆ ಕಾರ್ಖಾನೆ ಎಂದೂ ಕಂಡಿರಲಿಲ್ಲ. ಭಯಕ್ಕೆ ಅವಳ ಬಿಕ್ಕಳಿಕೆಯೇ ನಿಂತುಹೋಯಿತು.

"ಸರಿಪಡಿಸ್ತೀನಿ ಸಾರ್" ಎಂದು ಸೊನ್ನೆಯನ್ನು ಒಂದು ಸಾಲು ಮೇಲಕ್ಕೆತ್ತಿದಳು.

"ಮೇಲೆತ್ತಿದ್ರೂ ನಾನು ಎತ್ತಲ್ಲ" ಎಂದು ಚಿಕ್ಕಮ್ಮ ಕೈಚೀಲ ಹೆಗಲಿಗೇರಿಸಿದರು. "ಕೂಗಾಡ್ಬೇಕಾದ್ರೆ ನೇರ ಕೂಗಾಡ್ಕೊಳ್ಳಿ."

ಅಣ್ಣತಮ್ಮಂದಿರು ಹಾಗೇ ಮಾಡಿದರು. ಈಗ ದಿನಕ್ಕೆ ಹತ್ತಾರು ಸಲ ನೇರವಾಗಿ ಜಗಳವಾಡುತ್ತಾರೆ, ಊಟವನ್ನು ಒಂದೇ ಮೇಜಿನಲ್ಲಿ ಮಾಡುತ್ತಾರೆ. ರಾಜಿಯ ಗುರುತಾಗಿ ಮೂರು ತೂತಿನ ಗುಂಡಿ ತಯಾರಿಸಿದರು. ಅದನ್ನು ಹೊಲಿಯುವುದು ಹೇಗೆಂದು ಯಾವ ದರ್ಜಿಗೂ ತಿಳಿಯದೆ ಸರಕೆಲ್ಲ ಹಿಂದಕ್ಕೆ ಬಂತು. ತಪ್ಪು ಯಾರದು ಎಂಬ ಜಗಳ ಇನ್ನೂ ನಡೆದಿದೆ.

ಎಂಜಿನಿಯರ್ ಮುಂದಿನ ತಿಂಗಳು ಒಂದು ಈಜುಕೊಳದ ಕಚೇರಿಗೆ ಹೊಸ ಫೋನು ಹಾಕಲು ಹೋದಳು. ಕಿಟಕಿಯಿಂದ ನೋಡಿದರೆ, ಕೆಂಪು ರಬ್ಬರ್ ಟೋಪಿ ಹಾಕಿಕೊಂಡ ಹೆಂಗಸೊಬ್ಬರು ಅಂಚಿನ ಕಂಬಿ ಹಿಡಿದು ಕಾಲು ಬಡಿಯುತ್ತಿದ್ದರು. ಪಕ್ಕದಲ್ಲಿ ಶಿಕ್ಷಕಿ ಏನೋ ವಿವರಿಸುತ್ತಿದ್ದಳು.

"ಚಿಕ್ಕಮ್ಮ!" ಎಂದು ಎಂಜಿನಿಯರ್ ಕೂಗಿದಳು.

ಚಿಕ್ಕಮ್ಮ ಅವಳನ್ನು ಕಂಡರು, ಕೈ ಬೀಸಿದರು, ಮೂಗು ಹಿಡಿದುಕೊಂಡು ನೀರಿನೊಳಕ್ಕೆ ಮುಳುಗಿದರು.