ಹಾರ ಹಾಕದ ಫೋಟೋ

ನಾನೊಂದು ಫೋಟೋ. ಹುಟ್ಟಿದ್ದು ಧಾರಾವಾಹಿಯೊಂದರ ಶೂಟಿಂಗ್ ಮನೆಯ ಹಿತ್ತಿಲಲ್ಲಿ. ಅತ್ತೆಯ ಪಾತ್ರಕ್ಕೆ ಏಳು ಜನರನ್ನು ನೋಡಿ ಬೇಸತ್ತಿದ್ದ ಡೈರೆಕ್ಟರು, ನಾಟಕ ಕಂಪನಿಯಿಂದ ಬಂದ ಸರ್ವಮಂಗಳಮ್ಮ ಸೊಂಟಕ್ಕೆ ಬೀಗದಕೈ ಸಿಕ್ಕಿಸಿಕೊಂಡು ನಾಲ್ಕು ಹೆಜ್ಜೆ ನಡೆದದ್ದೇ ತಡ, "ಇವ್ರೇ ನಮ್ಮ ಗೌರತ್ತೆ!" ಎಂದುಬಿಟ್ಟರು. ಆಗ ಆಯಮ್ಮ ನಕ್ಕರಲ್ಲ, ಆ ನಗುವೇ ನಾನು.

ಮೂರು ವರ್ಷ ಪೆಟ್ಟಿಗೆಯಲ್ಲಿ ಸುಖವಾಗಿದ್ದೆ. ಧಾರಾವಾಹಿಯಲ್ಲಿ ಫೋಟೋ ಗೋಡೆ ಹತ್ತಿತೆಂದರೆ ಪಾತ್ರ ಸತ್ತಿತೆಂದೇ ಲೆಕ್ಕ. ನನ್ನ ಸರದಿಯೂ ಬಂತು ನೋಡಿ! ಕಥೆ ಬರೆಯುವವರು ಗೌರತ್ತೆಯನ್ನು ಕಾಶಿಗೆ ಕಳಿಸಿ ಗಂಗೆಗೆ ಬೀಳಿಸಿದರು. ನನಗೆ ಕಟ್ಟು ಹಾಕಿಸಿದರು. "ಈ ವಯಸ್ಸಲ್ಲಿ ಇನ್ಯಾರಪ್ಪಾ ನಂಗೆ ಪಾತ್ರ ಕೊಡ್ತಾರೆ?" ಎಂದು ಸರ್ವಮಂಗಳಮ್ಮ ಕಣ್ಣೊರೆಸಿಕೊಂಡು ಹೋದರು.

ಸೆಟ್ಟಿನ ಸಾಮಾನು ನೋಡಿಕೊಳ್ಳುವ ಚೆಲುವಯ್ಯ ನನ್ನನ್ನು ಮೊಳೆಗೆ ನೇತುಹಾಕಿದ. ಗಂಧದ ಹಾರ ಕೈಯಲ್ಲೇ ಇತ್ತು, ಹಾಕಲಿಲ್ಲ. ದಿನಾ ಹಾರ ತರುವುದು, ಹಾಕದೆ ಒಯ್ಯುವುದು, ಇದೇ ಹಾಡು. ಅವಸರದ ಶೂಟಿಂಗು, ಸೆಟ್ಟಿನಲ್ಲಿ ಯಾರೂ ಗಮನಿಸಲಿಲ್ಲ. ಟೀವಿ ಮುಂದೆ ಕೂತ ಹೆಂಗಸರು ಬಿಡುತ್ತಾರೆಯೇ? "ಹಾರ ಹಾಕಿಲ್ಲ ಅಂದ್ಮೇಲೆ ಗೌರತ್ತೆ ಸತ್ತಿಲ್ಲ ಕಣ್ರೀ, ಬಂದೇ ಬರ್ತಾಳೆ!" ಎಂದು ಚಾನೆಲ್ಲಿಗೆ ಫೋನಿನ ಮೇಲೆ ಫೋನು.

ಡೈರೆಕ್ಟರು ಕೆಂಡಾಮಂಡಲವಾದರು. "ಹಾರ ಯಾಕಯ್ಯಾ ಹಾಕ್ಲಿಲ್ಲ?"

"ಬದುಕಿರೋ ಹೆಣ್ಮಗಳ ಫೋಟೋಗೆ ಹೆಂಗ್ ಸಾರ್ ಹಾಕೋದು? ಆಯಸ್ಸು ಕಮ್ಮಿ ಆಯ್ತದೆ. ನನ್ ಕೈಲಾಗಕಿಲ್ಲ," ಎಂದ ಚೆಲುವಯ್ಯ.

ಅಷ್ಟರಲ್ಲಿ ಚಾನೆಲ್ಲಿನಿಂದಲೇ ಅಪ್ಪಣೆಯಾಯಿತು, ಗೌರತ್ತೆ ವಾಪಸು ಬರಲಿ ಎಂದು. ಕಥೆ ಬರೆಯುವವರು, "ಇನ್ನೂ ಚಿಕ್ಕ ವಯಸ್ಸಿನವರನ್ನ ಹಾಕೋಣ ಸಾರ್, ಮುಖ ಬದಲಾಯ್ತು ಅಂತ ಕಥೆ ಕಟ್ತೀನಿ," ಎಂದರು. ಹಾಗಾದರೆ ಸರ್ವಮಂಗಳಮ್ಮನ ಗತಿ? ಡೈರೆಕ್ಟರು ನನ್ನತ್ತ ಬೆರಳು ತೋರಿಸಿದರು.

"ಹದಿನೈದು ದಿನದಿಂದ ಜನ ಈ ಮುಖ ನೋಡ್ಕೊಂಡೇ ಕಾಯ್ತಿದ್ದಾರೆ. ಬೇರೆಯವ್ರನ್ನ ತಂದ್ರೆ ಉಗೀತಾರೆ ಕಣ್ರೀ. ಆಯಮ್ಮಂಗೇ ಫೋನ್ ಮಾಡಿ."

ಅಬ್ಬಾ! ಹೋದ ಜೀವ ಬಂತು.

ಕಥೆಯಲ್ಲಿ ಗೌರತ್ತೆಯನ್ನು ಅಂಬಿಗನೊಬ್ಬ ಗಂಗೆಯಿಂದ ಎತ್ತಿದ, ನನ್ನನ್ನು ಚೆಲುವಯ್ಯ ಮೊಳೆಯಿಂದ ಇಳಿಸಿದ. ಈಗ ಸಾಮಾನಿನ ಕೋಣೆಯಲ್ಲಿ, ಮುರಿದ ತೊಟ್ಟಿಲ ಪಕ್ಕ ಬಿದ್ದಿದ್ದೇನೆ. ಗಾಜು ಬಿರುಕು ಬಿಟ್ಟಿದೆ, ಮೂಲೆಗೆ ಗೆದ್ದಲು ಹತ್ತಿದೆ. ಬೇಸರವೇ? ಯಾತಕ್ಕೆ? ಫೋಟೋ ಮೂಲೆ ಸೇರಿ ಮನುಷ್ಯರು ಓಡಾಡಿಕೊಂಡಿದ್ದರೆ ಅದಕ್ಕಿಂತ ಇನ್ನೇನು ಬೇಕು! ಗೋಡೆಯಾಚೆ ಸರ್ವಮಂಗಳಮ್ಮನ ದನಿ ಕೇಳುತ್ತಿದೆ:

"ಊಟ ಆಮೇಲೆ ಮಾಡ್ತೀನಿ ಕಣಪ್ಪಾ ಚೆಲುವಯ್ಯ. ಇನ್ನೂ ಎರಡು ಸೀನ್ ಇದೆ ನಂದು!"